ಮೂವತ್ತೈದು ದಾಟಿದ ಕಬಡ್ಡಿ ಆಟಗಾರ ಅಂಕಣದಲ್ಲಿ ಉಳಿಯುವುದು ಹೇಗೆ

ಮಂಡ್ಯ, ಮೈಸೂರು ಕಡೆ ಹೊನಲು ಬೆಳಕಿನ ಪಂದ್ಯಾವಳಿ ಶುರುವಾಯಿತೆಂದರೆ ಊರಿಗೊಂದು ತಂಡ, ತಂಡಕ್ಕೊಬ್ಬ ಹಳೇ ಹುಲಿ. ಮಂಡಿಗೆ ಕ್ಯಾಪು, ಬೆರಳಿಗೆ ಟೇಪು. ಇಂಥವರು ಆಟ ಬಿಡುವುದು ಹಿಡಿತದ ಬಲ ಹೋಗಿ ಅಲ್ಲ. ಆ ಬಲ ನಲವತ್ತರ ಆಚೆಗೂ ಬಹುಪಾಲು ಉಳಿದಿರುತ್ತದೆ. ಹೋಗುವುದು ಎರಡು: ಮೊದಲ ಹೆಜ್ಜೆಯ ಚುರುಕು, ಮತ್ತು ಬಿದ್ದ ಪೆಟ್ಟು ಬೇಗ ಆರುವ ಗುಣ. ಆಡುವ ಜಾಗ, ಅಭ್ಯಾಸ, ಪಂದ್ಯಗಳ ಎಣಿಕೆ ಮೂರನ್ನೂ ಈ ಎರಡಕ್ಕೆ ತಕ್ಕಂತೆ ಬದಲಿಸಿಕೊಂಡವನು ಉಳಿಯುತ್ತಾನೆ.

ತಮಿಳುನಾಡಿನ ಧರ್ಮರಾಜ್ ಚೇರಲಾತನ್ ಹುಟ್ಟಿದ್ದು 1975ರಲ್ಲಿ. 2016ರ ಜುಲೈನಲ್ಲಿ ಪಟ್ನಾ ಪೈರೇಟ್ಸ್ ಪ್ರೊ ಕಬಡ್ಡಿ ಗೆದ್ದಾಗ ನಾಯಕ ಅವರೇ, 2019ರಲ್ಲಿ ಹರಿಯಾಣ ಸ್ಟೀಲರ್ಸ್ ಪರ ಇನ್ನೂ ಆಡುತ್ತಿದ್ದರು. ಮೈಮೇಲೆ ಬಿದ್ದು ಆಡುವ ಆಸ್ಟ್ರೇಲಿಯನ್ ಫುಟ್‌ಬಾಲಿನಲ್ಲಿ ಎಸೆಂಡನ್ ತಂಡದ ಡಸ್ಟಿನ್ ಫ್ಲೆಚರ್ ಕೂಡ 1975ರವರೇ; 400ನೇ ಪಂದ್ಯ ಆಡಿದ್ದು 2015ರಲ್ಲಿ, 40 ತುಂಬಿದ ಮೇಲೆ. ಇಬ್ಬರೂ ನುಗ್ಗಿ ಅಂಕ ತರುವವರಲ್ಲ, ನುಗ್ಗಿ ಬಂದವರನ್ನು ತಡೆಯುವವರು. ನೀವು ಇನ್ನೂ ರೈಡಿಗೇ ಹೋಗುತ್ತಿದ್ದರೆ ಮೊದಲು ಬದಲಾಗಬೇಕಾದದ್ದು ಅದು.

ರೈಡರ್ 30 ಸೆಕೆಂಡಿನೊಳಗೆ ಹತ್ತಾರು ಸಲ ಓಡಿ, ಗಕ್ಕನೆ ನಿಂತು, ತಿರುಗುತ್ತಾನೆ. ಮಂಡಿಯ ಲಿಗಮೆಂಟ್ ಹರಿಯುವುದು ಆ ನಿಂತು ತಿರುಗುವ ಗಳಿಗೆಯಲ್ಲೇ. ಕಾರ್ನರಿನವನು, ಅಂದರೆ ತಡೆಯುವವರ ಸಾಲಿನ ತುದಿಯಲ್ಲಿ ನಿಲ್ಲುವವನು, ರೈಡರ್ ಪಾದದ ಗಿಣ್ಣು ಹಿಡಿಯುವ ಆಂಕಲ್ ಹೋಲ್ಡ್‌ಗೆ ಪ್ರತಿ ಸಲ ನೆಲಕ್ಕೆ ಬೀಳಬೇಕು, ಭುಜ ಮತ್ತು ಬೆರಳು ಬೆಲೆ ತೆರುತ್ತವೆ. ಕವರ್‌ನವನು ಸಾಲಿನ ಒಳಬದಿಯಲ್ಲಿರುತ್ತಾನೆ, ಬಹಳ ಹೊತ್ತು ನಿಂತೇ ಆಡುತ್ತಾನೆ. ಹಾಗಾಗಿ ಹಳೆಯ ರೈಡರ್‌ಗೆ ಕವರ್ ಜಾಗ ವಾಸಿ. ಕಾರ್ನರಿನಲ್ಲೇ ಬೆಳೆದವನಾದರೆ ಬದಲಿಸುವುದು ಬೇಡ, ಹಾರುವ ಎಣಿಕೆ ಇಳಿಸಿದರೆ ಸಾಕು.

ಕವರ್ ಆಟದ ಲೆಕ್ಕ ಅಂಕಣದಲ್ಲೇ ಬರೆದಿದೆ. ಪುರುಷರ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ನಡುಗೆರೆಯಿಂದ ರೈಡರ್ ದಾಟಲೇಬೇಕಾದ ಬಾಕ್ ಲೈನ್ 3.75 ಮೀಟರ್, ಅಲ್ಲಿಂದ ಹೆಚ್ಚುವರಿ ಅಂಕ ತರುವ ಬೋನಸ್ ಗೆರೆ ಇನ್ನೊಂದು ಮೀಟರ್, ಅದರ ಹಿಂದೆ ಉಳಿಯುವುದು 1.75 ಮೀಟರ್ ಮಾತ್ರ. ಬೋನಸ್‌ಗೆ ಕಾಲು ಚಾಚಿದ ರೈಡರ್ ಮನೆಗೆ ಮರಳಲು ನಾಲ್ಕೂ ಮುಕ್ಕಾಲು ಮೀಟರ್ ದಾಟಬೇಕು. ನಿಮ್ಮ ಕೆಲಸ ಅವನನ್ನು ಒಳಗೆ ಹಿಡಿಯುವುದಲ್ಲ, ಆ ದಾರಿ ಮುಚ್ಚುವುದು. ಕಾರ್ನರಿನವನ ಕೈ ರೈಡರ್ ಮೈಗೆ ತಾಗುವ ತನಕ ಕದಲಬೇಡಿ. ತಾಗಿದ ಕೂಡಲೇ ಎರಡು ಗಿಡ್ಡ ಹೆಜ್ಜೆ, ಸೊಂಟ ತಗ್ಗಿಸಿ, ಅವನ ಪಕ್ಕೆಗೂ ಸೊಂಟಕ್ಕೂ ನಡುವೆ ಭುಜ ಕೊಟ್ಟು ಲಾಬಿಯ (ಅಂಕಣದ ಎರಡು ಬದಿಯ ಪಟ್ಟಿಯ) ಆಚೆಗೆ ತಳ್ಳಿ. ತಲೆ ಅವನ ಬೆನ್ನಿನ ಕಡೆ ಇರಲಿ. ಎದೆಯ ಕಡೆ ಇಟ್ಟರೆ ಅವನ ಮಂಡಿ ನಿಮ್ಮ ದವಡೆಗೆ ಬರುತ್ತದೆ.

ರೈಡರ್ ಆಗಿದ್ದವರು ಇಲ್ಲಿ ಮಾಡುವ ತಪ್ಪು ಒಂದೇ: ಮುಂಚೆ ಹೊರಡುವುದು. ಎದುರಾಳಿ ಏನು ಮಾಡುತ್ತಾನೆಂದು ಗೊತ್ತಿರುವುದೇ ಮುಳುವಾಗುತ್ತದೆ. ಅವನ ಕಣ್ಣು ಕೈ ನೋಡದೆ ಹಿಂಗಾಲಿನ ಹಿಮ್ಮಡಿ ನೋಡಿ. ಹಿಮ್ಮಡಿ ಮೇಲೆದ್ದಿದ್ದರೆ ಭಾರ ಮುಂಗಾಲಿನ ಮೇಲಿದೆ, ತಕ್ಷಣ ಹಿಂದಕ್ಕೆ ಜಿಗಿಯಲಾರ. ಇನ್ನೊಂದು ಅಪಾಯ, ಅಂಕಣದಲ್ಲಿ ಮೂವರೋ ಇಬ್ಬರೋ ಉಳಿದಾಗ. ಆಗ ರೈಡರನನ್ನು ಹಿಡಿದರೆ ಸಿಗುವ ಸೂಪರ್ ಟ್ಯಾಕಲ್‌ನ ಹೆಚ್ಚುವರಿ ಅಂಕದ ಆಸೆಗೆ, ಜನರ ಶಿಳ್ಳೆಗೆ, ಹಳೇ ಹುಲಿ ಒಂಟಿಯಾಗಿ ಹಾರುತ್ತಾನೆ. ಪಂದ್ಯಕ್ಕೆ ಇಂಥ ಹಾರಾಟ ಮೂರಕ್ಕೆ ಮೀರದಿರಲಿ ಎಂದು ಮೊದಲೇ ಲೆಕ್ಕ ಕಟ್ಟಿಕೊಳ್ಳಿ.

ವಾರಕ್ಕೆ ಎರಡು ದಿನ ಅಂಕಣ, ಎರಡು ದಿನ ಬಲದ ಅಭ್ಯಾಸ ಸಾಕು. ಬಲದ ದಿನ ಬಿಡಬಾರದ್ದು ತೊಡೆಯ ಹಿಂಬದಿಯ ಸ್ನಾಯು, ಹ್ಯಾಮ್‌ಸ್ಟ್ರಿಂಗ್. ಮಡಚಿದ ಗೋಣಿಚೀಲದ ಮೇಲೆ ಮಂಡಿಯೂರಿ, ಜೊತೆಗಾರ ಹಿಮ್ಮಡಿ ಒತ್ತಿ ಹಿಡಿಯಲಿ. ಮಂಡಿಯಿಂದ ತಲೆವರೆಗೆ ಮೈ ನೇರವಿಟ್ಟು ಆದಷ್ಟು ನಿಧಾನ ಮುಂದಕ್ಕೆ ಬಾಗಿ, ತಡೆಯಲಾಗದಾಗ ಅಂಗೈ ಊರಿ. ಮೊದಲ ವಾರ 5ರಂತೆ 2 ಸುತ್ತು, ಆರೆಂಟು ವಾರದಲ್ಲಿ 8ರಂತೆ 3 ಸುತ್ತಿಗೆ ಏರಿಸಿ. ಮೊದಲ ದಿನವೇ ಮೂವತ್ತು ಮಾಡಿದವನು ನಾಲ್ಕು ದಿನ ಕುಂಟಿ, ಆಮೇಲೆ ಅದರ ತಂಟೆಗೇ ಹೋಗುವುದಿಲ್ಲ. ಪಂದ್ಯಕ್ಕೆ 48 ಗಂಟೆ ಇರುವಾಗ ಇದು ಬೇಡ. ಮೀನಖಂಡಕ್ಕೆ ಮೆಟ್ಟಿಲ ಅಂಚಿನಲ್ಲಿ ನಿಂತು ಹಿಮ್ಮಡಿ ಎತ್ತಿ, ಮೂರು ಎಣಿಸುತ್ತಾ ಇಳಿಸಿ: ಮಂಡಿ ನೇರವಾಗಿ 12, ಬಾಗಿಸಿ 12. ಕುತ್ತಿಗೆಯ ಬಲಕ್ಕೆ, ತಲೆಗೆ ಟವೆಲ್ ಸುತ್ತಿ ಅದಕ್ಕೆದುರಾಗಿ ತಲೆಯನ್ನು ನಾಲ್ಕು ದಿಕ್ಕಿಗೂ ಹತ್ತು ಹತ್ತು ಸೆಕೆಂಡು ಒತ್ತಿ ಹಿಡಿಯಿರಿ.

ಮೈಸೂರಿನವರಿಗೆ ಚಾಮುಂಡಿ ಬೆಟ್ಟದ ಸಾವಿರಕ್ಕೂ ಮೀರಿದ ಮೆಟ್ಟಿಲುಗಳ ಮೇಲೆ ಬಲು ನಂಬಿಕೆ. ಹತ್ತುವುದು ಒಳ್ಳೆಯದೇ. ಇಳಿಯುವಾಗ ಮಾತ್ರ ಬಸ್ಸು ಹಿಡಿಯಿರಿ. ಸವೆದ ಮಂಡಿಯ ಕೀಲಿಗೆ ಪೆಟ್ಟು ಬೀಳುವುದು ಇಳಿಯುವಾಗ. ಮಂಡ್ಯ ಕಡೆಯವರ ಲೆಕ್ಕ ಬೇರೆ. ದಿನವಿಡೀ ಬಗ್ಗಿ ಕಬ್ಬು ಕಡಿದವನ ಸೊಂಟ, ತೊಡೆಯ ಹಿಂಬದಿ ಆಗಲೇ ದುಡಿದಿರುತ್ತವೆ, ಅವತ್ತು ಬಲದ ಅಭ್ಯಾಸ ಆಯಿತೆಂದೇ ಬರೆದುಕೊಳ್ಳಿ. ಪಂದ್ಯ ಮುಗಿದ ಮೇಲೆ ಕಾಲು ತಣ್ಣಗಾಗಲೆಂದು ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ಇಳಿಯುವುದಂತೂ ಬೇಡವೇ ಬೇಡ. ಕಾಂಕ್ರೀಟ್ ಇಳಿಜಾರು, ಒಳಸೆಳೆತ, ಸೋತ ಕಾಲು. ಡ್ರಮ್ಮಿನ ನೀರಲ್ಲಿ ಹತ್ತು ನಿಮಿಷ ನಿಂತರೆ ಅದೇ ಕೆಲಸ ಆಗುತ್ತದೆ.

ಊಟದಲ್ಲಿ ಮುದ್ದೆಯ ಮೇಲೆ ಭಾರ ಹೆಚ್ಚು. 100 ಗ್ರಾಂ ರಾಗಿ ಹಿಟ್ಟಿನಲ್ಲಿ ಪ್ರೋಟೀನು ಸುಮಾರು 7 ಗ್ರಾಂ ಅಷ್ಟೆ. 75 ಕಿಲೋ ತೂಗುವವನಿಗೆ ದಿನಕ್ಕೆ ಸುಮಾರು 120 ಗ್ರಾಂ ಬೇಕು. ಮುದ್ದೆಯ ಜೊತೆ 50 ಗ್ರಾಂ ಹುರುಳಿಕಾಳಿನ ಸಾರು (11 ಗ್ರಾಂ), ನಾಲ್ಕು ಮೊಟ್ಟೆ (24), ಅರ್ಧ ಲೀಟರ್ ಹಾಲು (16), ಬೆಂದ ಕೋಳಿಮಾಂಸ 150 ಗ್ರಾಂ (40) ಇದ್ದರೆ ನೂರರ ಹತ್ತಿರ ಬರುತ್ತದೆ, ಉಳಿದದ್ದು ಅನ್ನ, ಬೇಳೆಯಲ್ಲಿ ಸೇರುತ್ತದೆ. ಒಂದೇ ಹೊತ್ತಿಗೆ ತಿನ್ನದೆ ಮೂರು ಹೊತ್ತಿಗೆ ಹಂಚಿ. ತೂಕದ ಪಂದ್ಯಗಳಿಗಾಗಿ ನೀರು ಬಿಟ್ಟು, ಉಗಿದು ಉಗಿದು ಎರಡು ಕಿಲೋ ಇಳಿಸುವ ಚಟ ಇಪ್ಪತ್ತರ ಹುಡುಗರಿಗೇ ಕೆಟ್ಟದ್ದು. ಹಾಗೆ ಒಣಗಿದ ಮೈಗೆ ಡೈಕ್ಲೋಫೆನಾಕ್ ಎಂಬ ನೋವಿನ ಮಾತ್ರೆ ನುಂಗಿ ಅಂಕಣಕ್ಕಿಳಿದರೆ ಏಟು ಬೀಳುವುದು ಮೂತ್ರಪಿಂಡಕ್ಕೆ. ಮಾತ್ರೆ ಇಲ್ಲದೆ ಆಡಲಾಗದ ನೋವಿದ್ದರೆ ಅಂದು ಬೆಂಚು.

ರಾತ್ರಿ ಪಂದ್ಯದ ತೊಡಕು ಕಾಯುವುದು. ಹತ್ತಕ್ಕೊಂದು ಪಂದ್ಯ, ಮುಂದಿನದು ಎರಡಕ್ಕೆ. ನಡುವೆ ಪ್ಲಾಸ್ಟಿಕ್ ಕುರ್ಚಿ, ಇಬ್ಬನಿ, ಬಿಸಿ ಬಿಸಿ ಬಾಡೂಟ. ತೊಡೆ ಸೆಳೆತ ಬರುವುದು ಆ ಎರಡನೇ ಪಂದ್ಯದ ಮೊದಲ ಐದು ನಿಮಿಷದಲ್ಲಿ. ಬೆವರಿದ ಬನಿಯನ್ ಕಳಚಿ ಒಣ ಬಟ್ಟೆ, ಸ್ವೆಟರ್ ಹಾಕಿ. ಅರ್ಧ ಗಂಟೆಗೊಮ್ಮೆ ಎದ್ದು ಅಡ್ಡಾಡಿ. ಉಪ್ಪು ಹಾಕಿದ ಮಜ್ಜಿಗೆ, ಎರಡು ಬಾಳೆಹಣ್ಣು ಸಾಕು, ಬಾಡೂಟ ಬೆಳಗಿನ ಜಾವಕ್ಕೆ ಇಟ್ಟುಕೊಳ್ಳಿ. ಕರೆ ಬರುವ 15 ನಿಮಿಷ ಮುಂಚೆ ಮೆಲ್ಲನೆ ಓಟ, ಅಡ್ಡ ಹೆಜ್ಜೆ, ಕೊನೆಗೆ ನಾಲ್ಕೈದು ಚುರುಕು ಜಿಗಿತ. ಮಣ್ಣಿನ ಅಂಕಣವಾದರೆ ಇಳಿಯುವ ಮೊದಲು ಲಾಬಿಯ ಉದ್ದಕ್ಕೂ ಬರಿಗಾಲಲ್ಲಿ ಒಮ್ಮೆ ನಡೆಯಿರಿ. ನಡು ಭಾಗ ಚೆನ್ನಾಗಿ ಹದ ಮಾಡಿರುತ್ತಾರೆ, ಕಲ್ಲು ಉಳಿಯುವುದು ಅಂಚಿನಲ್ಲಿ. ಕವರ್‌ನವನು ರೈಡರ್ ಜೊತೆ ಬೀಳುವುದೂ ಅಲ್ಲೇ.

ಪಾದ ಉಳುಕಿ ಊದಿದರೆ ಎರಡು ದಿನ ಎಣ್ಣೆ ನೀವುವುದು, ಬಿಸಿ ಕಾವು ಎರಡೂ ಬೇಡ, ಊತ ಹೆಚ್ಚುತ್ತದೆ. ನಾಲ್ಕು ಹೆಜ್ಜೆ ಊರಲಾಗದಿದ್ದರೆ, ಇಲ್ಲವೇ ಗಿಣ್ಣಿನ ಮೂಳೆ ಒತ್ತಿದಲ್ಲಿ ನೋವಿದ್ದರೆ ಎಕ್ಸ್‌ರೇ. ಮರಳುವ ಮುನ್ನ ಆ ಒಂದೇ ಕಾಲಲ್ಲಿ ಹತ್ತು ಸಲ ಕುಪ್ಪಳಿಸಿ ನೋಡಿ. ಇನ್ನೊಂದು ಕಾಲಿನಷ್ಟೇ ಸಲೀಸಾಗಿ ಆಗಬೇಕು. ತಲೆಗೆ ತಲೆ ಬಡಿದು ಕಣ್ಣು ಮಂಜಾಗಿದ್ದರೆ, ಅಂಕ ಎಷ್ಟೆಂಬುದೇ ಮರೆತಿದ್ದರೆ, ಮುಖಕ್ಕೆ ನೀರು ಚಿಮುಕಿಸಿ ಒಳಗೆ ಕಳಿಸುವುದು ನಮ್ಮಲ್ಲಿ ಮಾಮೂಲು. ಅಷ್ಟು ಒರಟು ಆಟವಾದ ಆಸ್ಟ್ರೇಲಿಯನ್ ಫುಟ್‌ಬಾಲಿನ ದೊಡ್ಡ ಲೀಗಿನಲ್ಲೇ 2021ರಿಂದ ಹೀಗಾದವನಿಗೆ ಕನಿಷ್ಠ 12 ದಿನ ಪಂದ್ಯವಿಲ್ಲ. ಇಲ್ಲೂ ಅದನ್ನೇ ಹಿಡಿಯಿರಿ. ಅಂದು ಬೈಕ್ ಓಡಿಸುವುದೂ ಬೇಡ. ವಾಂತಿ, ಹೆಚ್ಚುತ್ತಿರುವ ತಲೆನೋವು ಇದ್ದರೆ ನೇರ ಆಸ್ಪತ್ರೆ.

ತಿಂಗಳಿಗೆ ಎರಡು ಪಂದ್ಯಾವಳಿ, ನಡುವೆ ಕನಿಷ್ಠ ಹತ್ತು ದಿನ. ಯಾವೆರಡು ಎಂಬುದನ್ನು, ಪೂರ್ತಿ ಆಡುತ್ತೀರೋ ಎರಡನೇ ಅವಧಿಗೆ ಮಾತ್ರ ಇಳಿಯುತ್ತೀರೋ ಎಂಬುದನ್ನು, ಟೈಸ್ (ಯಾರಿಗೆ ಯಾರು ಎದುರು ಎಂಬ ಪಟ್ಟಿ) ಹಾಕುವ ಮೊದಲೇ ತಂಡದವರಿಗೆ ಹೇಳಿಬಿಡಿ. ಎಂಟ್ರಿ ಫೀ ಕಟ್ಟಿ, ಮೈಕಿನಲ್ಲಿ ನಿಮ್ಮ ಹೆಸರು ಕೂಗಿದ ಮೇಲೆ ಬೆಂಚಿನಲ್ಲಿ ಕೂರಲು ಊರು ಬಿಡುವುದಿಲ್ಲ.