ಸಾಲದ ಕೌಂಟರಿನ ಪಕ್ಕದಲ್ಲೊಂದು ಮೇಜು

ಗದಗ ಜಿಲ್ಲೆಯ ಒಂದು ತಾಲೂಕು ಊರಿನ ಪತ್ತಿನ ಸಹಕಾರಿ ಸಂಘದಲ್ಲಿ ನಾನು ಕಾರ್ಯದರ್ಶಿ. ನಮ್ಮ ಸದಸ್ಯರೆಂದರೆ ಕಾಯಿಪಲ್ಲೆ ಮಾರುವವರು, ಟೇಲರ್‌ಗಳು, ಖಾನಾವಳಿ ನಡೆಸುವವರು, ಆಟೋದವರು, ಒಂದಿಷ್ಟು ಮಾಸ್ತರರು. ಬುಧವಾರ, ಸಂತೆಯ ದಿನ, ಸಾಲದ ಕೌಂಟರಿನ ಪಕ್ಕದಲ್ಲೇ ಒಂದು ಮೇಜು ಹಾಕಿ, ಯಾರ ಸಾಲದ್ದೇ ಆಗಲಿ, ಕಾಗದ ತಂದರೆ ಓದಿ ಹೇಳುತ್ತೇವೆ ಎಂದು ಶುರುಮಾಡಿದೆವು. ಸಂತೆಯ ದಿನವೇ ಏಕೆಂದರೆ, ಹಳ್ಳಿಯ ಹೆಣ್ಣುಮಕ್ಕಳು ಮನೆಯಲ್ಲಿ ಯಾರಿಗೂ ಕಾರಣ ಹೇಳದೆ ಪೇಟೆಗೆ ಬರಬಹುದಾದ ದಿನ ಅದು.

ಮೊದಲು ಬಂದದ್ದು ಬಡ್ಡಿಯ ತಕರಾರು. ಬೇರೆ ಕಡೆಯ ಸಾಲದ ಕಾಗದ ಹಿಡಿದು ಬಂದ ಹೊಲಿಗೆ ಕೆಲಸದ ಒಬ್ಬರು ಕೇಳಿದರು: “ಸರ, ಅವ್ರು ವರ್ಷಕ್ಕ ಹನ್ನೆರಡ ಪರ್ಸೆಂಟ್ ಅಂತಾರ, ನಿಮ್ದು ಹದಿನಾಕು. ಅವ್ರದ ಸೋವಿ ಆತಲ್ರೀ?” ಕೇಳಿದರೆ ಹಾಗೇ ಅನಿಸುತ್ತದೆ. ಆದರೆ ಅವರದು ಫ್ಲಾಟ್ ಬಡ್ಡಿ, ಅಂದರೆ ಮೊದಲು ಪಡೆದ ಪೂರ್ತಿ ಮೊತ್ತಕ್ಕೇ ಕೊನೆಯವರೆಗೂ ಹಿಡಿಯುವ ಬಡ್ಡಿ; ನಮ್ಮದು ಬಾಕಿ ಇಳಿದಂತೆ ಇಳಿಯುವ ಬಡ್ಡಿ. 50,000 ರೂಪಾಯಿಯನ್ನು 24 ತಿಂಗಳಿಗೆ 12ರ ಫ್ಲಾಟ್ ದರದಲ್ಲಿ ತಂದರೆ ತಿಂಗಳ ಕಂತು 2,583, ಒಟ್ಟು ಬಡ್ಡಿ 12,000. ಅದೇ ಹಣಕ್ಕೆ, ಅದೇ ಅವಧಿಗೆ, ಇಳಿಯುವ ಬಾಕಿಯ ಮೇಲೆ 14ರಂತೆ ಹಿಡಿದರೂ ಕಂತು ಸುಮಾರು 2,400, ಬಡ್ಡಿ 7,600ರ ಆಸುಪಾಸು. ಆ 12 ಅನ್ನು ನಮ್ಮ ಲೆಕ್ಕಕ್ಕೆ ತಿರುಗಿಸಿದರೆ 21.5 ದಾಟುತ್ತದೆ.

ಇದನ್ನು ಕಂಪ್ಯೂಟರಿನಲ್ಲಿ ಒತ್ತಿ ಪ್ರಿಂಟ್ ಕೊಟ್ಟರೆ ಯಾರೂ ನಂಬುವುದಿಲ್ಲ. ಬಿಳಿ ಹಾಳೆಯಲ್ಲಿ ತಿಂಗಳು ತಿಂಗಳ ಬಾಕಿಯನ್ನು ಅವರ ಎದುರಿಗೇ ಕೈಯಿಂದ ಬರೆಯಬೇಕು. ನಾಲ್ಕನೆಯ ಸಾಲು ಬರೆಯುವಷ್ಟರಲ್ಲಿ ಅವರೇ ತಡೆಯುತ್ತಾರೆ: “ತಡೀರಿ ಸರ, ಕೊಟ್ಟ ರೊಕ್ಕಕ್ಕೂ ಬಡ್ಡಿ ಹಿಡದಾರಲ್ಲ?” ಅಲ್ಲಿಗೆ ಪಾಠ ಮುಗಿಯಿತು. ಆಮೇಲೆ ಕೇಳಬೇಕಾದ್ದು ಒಂದೇ, ಸಾಲ ಮಂಜೂರಾದದ್ದು ಎಷ್ಟು, ಕೈಗೆ ಬಂದದ್ದು ಎಷ್ಟು. ಶುಲ್ಕ, ವಿಮೆ ಎಂದು ಮುರಿದುಕೊಂಡ ಹಣಕ್ಕೂ ಬಡ್ಡಿ ಓಡುತ್ತಿರುತ್ತದೆ.

ಯಾರಿಗೆ ಸಲಹೆ ಬೇಕು ಎಂಬುದು ನನಗೆ ಗೊತ್ತಾಗುವುದು ಪಿಗ್ಮಿ, ಅಂದರೆ ದಿನದಿನದ ಸಣ್ಣ ಉಳಿತಾಯ, ಸಂಗ್ರಹಿಸುವ ಹುಡುಗರಿಂದ. 1928ರಲ್ಲಿ ಉಡುಪಿಯಲ್ಲಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ ಪಿಗ್ಮಿ ಶುರುಮಾಡಿದ್ದು ಚಿಲ್ಲರೆ ಉಳಿತಾಯಕ್ಕೆ. ನಮಗೆ ಅದು ಊರಿನ ನಾಡಿ ಹಿಡಿಯುವ ದಾರಿಯೂ ಹೌದು. ದಿನಾ ನೂರು ಕೊಡುತ್ತಿದ್ದವರು ಇಪ್ಪತ್ತಕ್ಕೆ ಇಳಿದರೆ ಮನೆಯಲ್ಲಿ ಏನೋ ಆಗಿದೆ ಎಂದೇ ಲೆಕ್ಕ. ಹುಡುಗರಿಗೆ ಹೇಳಿದ್ದೇನೆ: ವಸೂಲಿಯ ದನಿಯಲ್ಲಿ ಮಾತಾಡಬೇಡಿ, ಬುಧವಾರ ಸರ ಇರ್ತಾರ ಅಂತಷ್ಟೇ ಹೇಳಿ.

ನಮ್ಮಂಥ ಸಣ್ಣ ಸಂಘಕ್ಕೆ ಅರ್ಜಿದಾರರು ಬೇರೆ ಕಡೆ ಎಷ್ಟು ಸಾಲ ಮಾಡಿದ್ದಾರೆಂದು ನೋಡುವ ಸೌಲಭ್ಯವಿಲ್ಲ. ಅದಕ್ಕೆ ಅವರಿಂದಲೇ ತರಿಸುತ್ತೇನೆ. ಜನರ ಸಾಲದ ಲೆಕ್ಕ ಇಡುವ ಪ್ರತಿ ಕ್ರೆಡಿಟ್ ಬ್ಯೂರೋ ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಪುಕ್ಕಟೆ ಕೊಡಬೇಕು, ಮೊಬೈಲಿನಲ್ಲೇ ತೆಗೆಯಬಹುದು. ಅದನ್ನು ಹರವಿಕೊಂಡು ಕುಳಿತಾಗ, ಒಂದು ಸಾಲ ತೀರಿಸಲು ಇನ್ನೊಂದು, ಅದರ ಕಂತಿಗೆ ನಮ್ಮದು ಎಂದು ಕಂಡರೆ ನಾನು ಬೇಡ ಎನ್ನುತ್ತೇನೆ. ಇದರಿಂದ ಆಡಳಿತ ಮಂಡಳಿಯಲ್ಲಿ ನನಗೆ ಒಳ್ಳೆಯ ಹೆಸರೇನೂ ಬಂದಿಲ್ಲ. ಸಾಲ ಕೊಟ್ಟರೆ ತಾನೇ ಬಡ್ಡಿ, ಬಡ್ಡಿ ಬಂದರೆ ತಾನೇ ಲಾಭ ಎನ್ನುತ್ತಾರೆ. ಕಂತು ಕಟ್ಟದೆ ಸಾಲ ಸುಸ್ತಿಯಾದ ಮೇಲೆ ಜಾಮೀನುದಾರನ ಮನೆ ಮುಂದೆ ನಿಲ್ಲುವವನು ನಾನಲ್ಲವೇ!

ಜಾಮೀನಿನದು ಬೇರೆಯೇ ಕತೆ. “ಬರೇ ಸಹಿ ಅಷ್ಟ” ಎಂದು ಕರೆತರುತ್ತಾರೆ. 1872ರ ಕರಾರು ಕಾಯ್ದೆಯ 128ನೇ ಕಲಮಿನಂತೆ, ಕರಾರಿನಲ್ಲಿ ಬೇರೆ ರೀತಿ ಬರೆಯದ ಹೊರತು, ಜಾಮೀನುದಾರನ ಹೊಣೆ ಸಾಲಗಾರನಷ್ಟೇ. ಸಹಿಗೆ ಮುಂಚೆ ಅವರೊಬ್ಬರನ್ನೇ ಮೇಜಿಗೆ ಕರೆದು, ಪೂರ್ತಿ ಮೊತ್ತವನ್ನು ಅವರ ಬಾಯಿಂದಲೇ ಹೇಳಿಸುತ್ತೇನೆ. ಎದ್ದು ಹೋದವರೂ ಇದ್ದಾರೆ.

2025ರ ಫೆಬ್ರವರಿಯಲ್ಲಿ ಮೈಕ್ರೋಫೈನಾನ್ಸ್ ಕಿರುಕುಳದ ವಿರುದ್ಧ ರಾಜ್ಯ ಸರ್ಕಾರದ ಸುಗ್ರೀವಾಜ್ಞೆ ಬಂತಲ್ಲ, ಆಗ ಮೇಜಿನ ಮುಂದೆ ನಿಲ್ಲಲು ಜಾಗವಿರಲಿಲ್ಲ. ಎಲ್ಲರದೂ ಒಂದೇ ಪ್ರಶ್ನೆ: “ಸಾಲ ಎಲ್ಲಾ ಮನ್ನಾ ಆತಂತ, ಖರೇ ಏನ್ರೀ?” ಖರೆ ಅಲ್ಲ. ಅದರ ಬಿಸಿ ಮುಟ್ಟುವುದು ನೋಂದಣಿಯಿಲ್ಲದೆ ಬಡ್ಡಿ ವ್ಯವಹಾರ ಮಾಡುವವರಿಗೆ. ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿಸಿದ ಕಂಪನಿಗಳ ಸಾಲ ಹಾಗೇ ಉಳಿದಿದೆ. ಮನ್ನಾ ಎಂದು ನಂಬಿ ಕಂತು ನಿಲ್ಲಿಸಿದರೆ ಬಾಕಿಯೂ ಬೆಳೆಯುತ್ತದೆ, ಕ್ರೆಡಿಟ್ ವರದಿಯೂ ಕೆಡುತ್ತದೆ. ಇದನ್ನು ಹೇಳಿದಾಗ ಕೆಲವರು ನನ್ನನ್ನು ಕಂಪನಿಯವರ ಕಡೆಯವ ಎಂದರು, ಅನ್ನಲಿ.

ಹಾಗಂತ ಆ ಕಂಪನಿಗಳಿಗೂ ಲಗಾಮಿದೆ. 2022ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕಿನ ನಿರ್ದೇಶನದಂತೆ, ವರ್ಷಕ್ಕೆ 3 ಲಕ್ಷದವರೆಗೆ ಆದಾಯವಿರುವ ಮನೆಗೆ ಅಡವಿಲ್ಲದೆ ಕೊಡುವುದು ಮೈಕ್ರೋಫೈನಾನ್ಸ್ ಸಾಲ. ಆ ಮನೆಯ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧ ದಾಟುವಂತಿಲ್ಲ. ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ನಂತರ ವಸೂಲಿಗೆ ಕಾಡುವಂತಿಲ್ಲ, ಬೈಯುವಂತಿಲ್ಲ. ರಾತ್ರಿ ಬಾಗಿಲು ಬಡಿದರು ಎಂದು ಬಂದವರಿಗೆ ನಾವು ಕನ್ನಡದಲ್ಲೇ ಅರ್ಜಿ ಬರೆದುಕೊಡುತ್ತೇವೆ. ಮೊದಲು ಕಂಪನಿಯ ಕುಂದುಕೊರತೆ ಅಧಿಕಾರಿಗೆ. 30 ದಿನದಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ. ವಿಚಾರಿಸಲು 14448 ಎಂಬ ಸಂಖ್ಯೆಯಿದೆ. ಬೆದರಿಕೆ, ಹೊಡೆತ ಇದ್ದರೆ ಇದಕ್ಕೆಲ್ಲ ಕಾಯದೆ ಪೊಲೀಸ್ ಠಾಣೆಗೆ ಹೋಗಬೇಕು. ಅರ್ಜಿಯಲ್ಲಿ ಗೋಳು ಕಡಿಮೆ ಇರಲಿ. ತಾರೀಖು, ಹೊತ್ತು, ಬಂದವನ ಫೋನ್ ನಂಬರು, ಕಂತಿನ ರಸೀದಿ, ಇಷ್ಟಿದ್ದರೆ ಕಂಪನಿಯವರೇ ಫೋನ್ ಮಾಡಿ ದಾರಿಗೆ ಬರುತ್ತಾರೆ.

ಇನ್ನೊಂದು ಕೆಲಸ ಖರ್ಚಿಲ್ಲದ್ದು, ಆದರೆ ಬಹಳ ಫಲ ಕೊಟ್ಟದ್ದು. ಸದಸ್ಯರು ತೀರಿಕೊಂಡ ಮನೆಗೆ ಹೋದಾಗ, ಅವರ ಎಲ್ಲ ಬ್ಯಾಂಕ್ ಪಾಸ್‌ಬುಕ್ ತರಿಸಿ ಮೇ ಕೊನೆಯ ಪುಟ ನೋಡುತ್ತೇನೆ. 436 ರೂಪಾಯಿ ಕಡಿತವಾಗಿದ್ದರೆ ಜೀವನ ಜ್ಯೋತಿ ಎಂಬ ಜೀವವಿಮೆ, 20 ಆಗಿದ್ದರೆ ಅಪಘಾತದ ಸುರಕ್ಷಾ ವಿಮೆ. ಒಂದೊಂದಕ್ಕೂ 2 ಲಕ್ಷ. ಎಷ್ಟೋ ಮನೆಯವರಿಗೆ ವಿಮೆ ಇದ್ದದ್ದೇ ಗೊತ್ತಿರುವುದಿಲ್ಲ.

ಶಾಲೆಗಳಲ್ಲಿ ಮಾತಾಡುತ್ತೇವೆ, ನವೆಂಬರ್ 14ರಿಂದ 20ರ ಸಹಕಾರ ಸಪ್ತಾಹದಲ್ಲಿ ಧ್ವಜ ಹಾರಿಸುತ್ತೇವೆ, ಯಶಸ್ವಿನಿ ಆರೋಗ್ಯ ಯೋಜನೆಯ ಅರ್ಜಿ ತುಂಬಿಸುತ್ತೇವೆ. ಇವೆಲ್ಲ ಎಲ್ಲ ಸಂಘಗಳೂ ಮಾಡುವಂಥವೇ.

ದೊಡ್ಡ ಜಗಳವಾದದ್ದು ಒಂದು ಫಲಕಕ್ಕೆ. ಬ್ಯಾಂಕಿನ ಠೇವಣಿಗೆ 2020ರಿಂದ 5 ಲಕ್ಷದವರೆಗೆ ವಿಮೆಯಿದೆ. ಪತ್ತಿನ ಸಂಘಗಳ ಠೇವಣಿಗೆ ಅದಿಲ್ಲ. ಇದನ್ನು ಕೌಂಟರಿನ ಮೇಲೆ ಬರೆಸೋಣ ಎಂದೆ. “ಇದ್ನ ಗ್ವಾಡಿಮ್ಯಾಲ ಬರದ್ರ ಠೇವಣಿ ಇಡಾವ್ರು ಬಾಜೂ ಬ್ಯಾಂಕಿಗೆ ಹೊಕ್ಕಾರ್ರೀ” ಎಂದರು ಒಬ್ಬ ನಿರ್ದೇಶಕರು. ನಮ್ಮ ಜಿಲ್ಲೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಸಂಘ ಕಟ್ಟಿದಾಗ ಒಂದೇ ಹಳ್ಳಿಯವರು, ಒಬ್ಬರ ಹೊಲ ಇನ್ನೊಬ್ಬರಿಗೆ ಗೊತ್ತಿತ್ತು. ಇಂದು ನಮ್ಮ ಸದಸ್ಯರಿಗೆ ಪರಸ್ಪರ ಮುಖ ಪರಿಚಯವೂ ಇಲ್ಲ. ಗೊತ್ತಿರಬೇಕಾದ್ದನ್ನು ಗೋಡೆಯೇ ಹೇಳಬೇಕು ಎಂದು ವಾದಿಸಿದೆ. ಕೊನೆಗೆ ವಿಮೆಯ ಮಾತಿನ ಕೆಳಗೆ ಆ ವರ್ಷದ ಆಡಿಟ್ ವರ್ಗ, ಸುಸ್ತಿಯ ಪ್ರಮಾಣ, ಮೀಸಲು ನಿಧಿ ಮೂರನ್ನೂ ಬರೆಸಲು ಒಪ್ಪಿದರು. ಕೆಲವು ದೊಡ್ಡ ಠೇವಣಿ ಹೋದವು. ಮಗಳ ಮದುವೆಯ ಪೂರ್ತಿ ಹಣವನ್ನು ಒಂದೇ ಕಡೆ ಇಡಬೇಡಿ ಎಂದು ನಾನೇ ಹೇಳುವವನಾದ್ದರಿಂದ ಅದಕ್ಕೆ ಬೇಸರಪಡಲಿಲ್ಲ.

ನಿಮ್ಮ ಸಂಘದಲ್ಲೂ ಇಂಥ ಮೇಜು ಹಾಕುವುದಾದರೆ ಮೊದಲು ಆಡಳಿತ ಮಂಡಳಿಯಲ್ಲಿ ಠರಾವು ಮಾಡಿಸಿ, ಇಲ್ಲದಿದ್ದರೆ ಆಡಿಟರ್ ಖರ್ಚಿನ ಲೆಕ್ಕ ಕೇಳುತ್ತಾರೆ. ಅಲ್ಲಿ ಕೂರುವವರಿಗೆ ಸಾಲದ ಗುರಿ ಇರಕೂಡದು ಎಂದು ಅದರಲ್ಲೇ ಬರೆಸಿ. ಅಲ್ಲಿ ಹೇಳಿದ ಮನೆಯ ಸಂಗತಿ ಸಾಲದ ಕಡತಕ್ಕೆ ಹೋಗಕೂಡದು ಎಂಬುದನ್ನೂ ಸೇರಿಸಿ. ನಮ್ಮಲ್ಲಿ ಈ ಎರಡನೆಯದಕ್ಕೆ ಒಪ್ಪಿಗೆ ಸಿಕ್ಕಿದ್ದು ಮಹಾಸಭೆಯಲ್ಲಿ ಸದಸ್ಯರೇ ಎದ್ದು ನಿಂತು ಕೇಳಿದ ಮೇಲೆ.