ರಿಫ್ಲೆಕ್ಟಿವ್ ಡೈರಿ: ನಾನು ಬರೆದ ರೀತಿ

ಬಿ.ಎಡ್. ಎರಡು ವರ್ಷದ್ದಾದ ಮೇಲೆ ಇಂಟರ್ನ್‌ಶಿಪ್ ಕೂಡ ಉದ್ದವಾಗಿದೆ, ಎರಡನೇ ವರ್ಷದಲ್ಲೇ 16 ವಾರ ಶಾಲೆಯಲ್ಲಿರಬೇಕು. ನನಗೆ ಸಿಕ್ಕಿದ್ದು ವಿಜಯಪುರದ ಒಂದು ಹೈಸ್ಕೂಲು, ಒಂಬತ್ತನೇ ತರಗತಿ ವಿಜ್ಞಾನ. ಪಾಠ ಯೋಜನೆ, ಚಾರ್ಟು ಹೇಗೋ ಆಗುತ್ತವೆ. ಎಲ್ಲರೂ ಗೊಣಗುವುದು ರಿಫ್ಲೆಕ್ಟಿವ್ ಡೈರಿಗೆ, ಅಂದರೆ ಮಾಡಿದ ಪಾಠ ಹೇಗಾಯಿತು ಅಂತ ಹಿಂತಿರುಗಿ ನೋಡಿ ಬರೆಯುವ ಡೈರಿಗೆ. ಸೀನಿಯರ್‌ಗಳ ಡೈರಿ ತೆಗೆದು ನೋಡಿ, ಪುಟ ಪುಟಕ್ಕೂ ಅದೇ: 'ಪಾಠ ಚೆನ್ನಾಗಿ ಆಯಿತು, ಮಕ್ಕಳು ಆಸಕ್ತಿಯಿಂದ ಭಾಗವಹಿಸಿದರು.' ಇದನ್ನು ಓದಿ ನಾಳೆ ಏನು ಬದಲಿಸಬೇಕು ಅಂತ ಯಾರಿಗೆ ಗೊತ್ತಾಗಬೇಕು?

ಇದನ್ನು ಬರೆಯೋಕೆ ಕಾಲೇಜಿನಲ್ಲಿ ಶಿಕ್ಷಣತಜ್ಞ ಗಿಬ್ಸ್ ಅವರ ಆರು ಹಂತ ಹೇಳಿಕೊಡುತ್ತಾರೆ. ಏನಾಯಿತು, ಏನನ್ನಿಸಿತು, ಯಾವುದು ಸರಿಹೋಯಿತು, ಯಾಕೆ, ಬೇರೆ ಏನು ಮಾಡಬಹುದಿತ್ತು, ಮುಂದೇನು. ತಪ್ಪೇನಿಲ್ಲ, ಆದರೆ ದಿನವಿಡೀ ನಿಂತು ಬಂದವನಿಗೆ ಆರು ಹೆಡ್ಡಿಂಗ್ ತುಂಬುವುದೇ ಒಂದು ಕೆಲಸ. ನಾನು 'ಏನನ್ನಿಸಿತು' ಅನ್ನುವುದನ್ನು ಕೈಬಿಟ್ಟೆ. ಅದರ ಬದಲು ಮಕ್ಕಳು ಏನಂದರು ಅಂತ ಅವರ ಮಾತಿನಲ್ಲೇ ಬರೆದುಕೊಂಡೆ, ಅದೂ ಪಿರಿಯಡ್ ಮುಗಿದ ತಕ್ಷಣ, ಸ್ಟಾಫ್ ರೂಮಿನ ಹರಟೆಗೆ ಕೂರುವ ಮೊದಲೇ. ಸಂಜೆಗೆ ಬಿಟ್ಟರೆ ನಮಗೆ ಬೇಕಾದ ಹಾಗೆ ನೆನಪಾಗುತ್ತದೆ.

ಪ್ರತಿಧ್ವನಿ ಪಾಠದ ದಿನ ನೋಡಿ. ಊರಲ್ಲೇ ಗೋಳಗುಮ್ಮಟ ಇದೆ, ಉದಾಹರಣೆಗೆ ಇನ್ನೇನು ಬೇಕು ಅಲ್ವಾ? ಹೇಳಿದೆ, ಎಲ್ಲರೂ ತಲೆಯಾಡಿಸಿದರು. ಅಷ್ಟರಲ್ಲಿ ಒಬ್ಬ ಎದ್ದು, "ಸರ್ರ, ಇಲ್ಲೂ ಗ್ವಾಡಿ ಅದಾವಲ್ರಿ, ಮತ್ತ ಇಲ್ಲಿ ಒದರಿದ್ರ ಯಾಕ ತಿರುಗಿ ಕೇಳಸೂದಿಲ್ಲ?" ಅಂದ. ಡೈರಿಗೆ ಆ ಮಾತನ್ನೇ ಇಳಿಸಿ, ಕೆಳಗೆ 'ಉದಾಹರಣೆ ಗೊತ್ತು, ಕಾರಣ ತಲುಪಿಲ್ಲ' ಅಂತ ಬರೆದೆ. ಮರುದಿನದ ಪಾಠ ಅಲ್ಲಿಂದಲೇ ಶುರು. ಮಕ್ಕಳೇ ಟೇಪು ಹಿಡಿದು ಕ್ಲಾಸ್ ರೂಮ್ ಅಳೆದರು, ಎಂಟು ಮೀಟರ್ ಕೂಡ ಇರಲಿಲ್ಲ. ಕೂಗಿದ್ದು, ತಿರುಗಿ ಬಂದಿದ್ದು ಬೇರೆ ಬೇರೆ ಕೇಳಬೇಕಾದರೆ ನಡುವೆ 0.1 ಸೆಕೆಂಡಾದರೂ ಬೇಕು. ಶಬ್ದ ಸೆಕೆಂಡಿಗೆ 344 ಮೀಟರ್ ಹೋಗುತ್ತದೆ ಅಂದುಕೊಂಡರೆ, ಅಷ್ಟರಲ್ಲಿ 34.4 ಮೀಟರ್, ಹೋಗಿ ಬರುವುದು ಎರಡೂ ಸೇರಿ, ಅಂದರೆ ಗೋಡೆ 17.2 ಮೀಟರ್ ದೂರ ಇರಬೇಕು. ಗುಮ್ಮಟದ ಒಳಗಿನ ವ್ಯಾಸ ಸುಮಾರು 38 ಮೀಟರ್ ಅಂತ ನಾನು ಹೇಳಿದ್ದಷ್ಟೇ, ಉಳಿದ ಲೆಕ್ಕ ಹುಡುಗರೇ ಮುಗಿಸಿದರು.

ಇನ್ನೊಂದು, ಜೊತೆಗಿನ ಟ್ರೇನಿಯನ್ನು ಹಿಂದೆ ಕೂರಿಸಿಕೊಳ್ಳುವುದು. ಪಾಠ ಹೆಂಗಿತ್ತು ಅಂತ ಕೇಳಬೇಡಿ, ಗೆಳೆಯರೆಲ್ಲ ಚೆನ್ನಾಗಿತ್ತು ಅಂತಲೇ ಹೇಳೋದು. ನಾನು ಬೆಂಚುಗಳ ನಕ್ಷೆ ಬರೆದು ಕೊಟ್ಟೆ. ಉತ್ತರ ಹೇಳಿದವರ ಜಾಗದಲ್ಲಿ ಒಂದು ಗೆರೆ ಎಳಿ, ಪ್ರಶ್ನೆ ಕೇಳಿದ ಮೇಲೆ ನಾನು ಎಷ್ಟು ಹೊತ್ತು ಸುಮ್ಮನಿರುತ್ತೇನೆ ನೋಡು ಅಂದೆ. ಗೆರೆಗಳೆಲ್ಲ ಮುಂದಿನ ಸಾಲಿನಲ್ಲೇ. ಸುಮ್ಮನಿದ್ದದ್ದು ಒಂದೇ ಸೆಕೆಂಡು. ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲೇ ಇದನ್ನು ಅಳೆದಿದ್ದರು: ಶಿಕ್ಷಕರು ಸಾಮಾನ್ಯವಾಗಿ ಕಾಯುವುದು ಒಂದು ಸೆಕೆಂಡಿನಷ್ಟು, ಮೂರು ಸೆಕೆಂಡು ಕಾದರೆ ಉತ್ತರಗಳು ಉದ್ದವಾಗುತ್ತವೆ, ಹೆಚ್ಚು ಮಕ್ಕಳು ಮಾತಾಡುತ್ತಾರೆ. ಮೂರು ಸೆಕೆಂಡು ಕೇಳೋಕೆ ಸಣ್ಣದು, ಕ್ಲಾಸಿನ ಮುಂದೆ ನಿಂತವನಿಗೆ ಜಾಸ್ತಿನೇ ಆಯಿತು ಅನ್ನಿಸುತ್ತದೆ. ಅದಕ್ಕೇ ಪ್ರಶ್ನೆ ಕೇಳಿ ಕಿಟಕಿ ತನಕ ನಡೆದು ಬರುತ್ತೇನೆ.

ಗೋಡೆ ಬದಿಯ ಹುಡುಗಿಯರು ಉತ್ತರ ಹೇಳೋಕೆ ಶುರು ಮಾಡಿದ್ದು ಆಮೇಲೆಯೇ. ಕೊನೇ ಬೆಂಚಿನ ಇಬ್ಬರು ಇನ್ನೂ ಬಾಯಿ ಬಿಟ್ಟಿಲ್ಲ. ಅವರಿಂದ ಮೊದಲು ಉತ್ತರ ಬರೆಸಿ, ಪಕ್ಕದವರಿಗೆ ಓದಿ ಹೇಳಿಸಿ ನೋಡಬೇಕು ಅಂತ ಈ ವಾರದ ಪುಟದಲ್ಲಿದೆ.