ಪದ್ಮಿನಿ ಜಾಸ್ತಿ ಎಳೆಯುತ್ತಾ, 800 ಜಾಸ್ತಿ ಎಳೆಯುತ್ತಾ? ಲೆಕ್ಕ ಹಾಕುವ ಬಗೆ

ಪ್ರೀಮಿಯರ್ ಪದ್ಮಿನಿ ಮತ್ತು ಮಾರುತಿ 800. ಹಳೇ ಕಾರಿನ ಹುಚ್ಚು ಹತ್ತಿದವರು ಸೇರಿದ ಕಡೆ ಈ ವಾದ ಇದ್ದದ್ದೇ. ಒಬ್ಬರು ಪದ್ಮಿನಿಯ 1089 ಸಿಸಿ (ಎಂಜಿನ್ ಸಿಲಿಂಡರ್‌ಗಳ ಒಟ್ಟು ಗಾತ್ರ) ತೋರಿಸುತ್ತಾರೆ. 800ರ ಕಡೆಯವರು, 796 ಸಿಸಿ ಆದರೇನು, ಗಾಡಿ ಹಗುರ ಅಲ್ವಾ ಅನ್ನುತ್ತಾರೆ. ನಾನು ಬರೀ ಸಿಸಿ ನೋಡಿ ತೀರ್ಮಾನ ಮಾಡುವುದಿಲ್ಲ.

ಮೊದಲು ಕಾರು ಯಾವ ವರ್ಷದ್ದು ಅಂತ ಆರ್‌ಸಿಯಲ್ಲಿ ನೋಡಿ. ಹೆಸರು ಒಂದೇ ಇದ್ದರೂ ಒಳಗಿನದು ಬೇರೆ ಇರಬಹುದು. 1983ರಲ್ಲಿ ಬಂದ 800ಕ್ಕೆ ಕಾರ್ಬ್ಯುರೇಟರ್ (ಪೆಟ್ರೋಲು, ಗಾಳಿ ಬೆರೆಸುವ ಭಾಗ) ಮತ್ತು 4 ಗೇರ್ ಇತ್ತು. ಆಮೇಲೆ ಅದರ ಬದಲು ಪೆಟ್ರೋಲನ್ನು ಇಂಜೆಕ್ಟರಿನಿಂದ ಚಿಮ್ಮಿಸುವ ಎಂಪಿಎಫ್‌ಐ ಬಂತು, ಕೆಲವಕ್ಕೆ 5 ಗೇರ್ ಕೂಡ. ಇಲ್ಲಿ ನಾನು ಹಿಡಿದಿರುವುದು ಕಾರ್ಬ್ಯುರೇಟರ್ ಗಾಡಿಯನ್ನು.

ಆಮೇಲೆ ಪವರ್. ಎರಡನ್ನೂ ಒಂದೇ ಅಳತೆಗೆ ತನ್ನಿ. ಕಿಲೋವ್ಯಾಟ್, ಬಿಎಚ್‌ಪಿ, ಪಿಎಸ್ ಎಲ್ಲ ಪವರಿನ ಅಳತೆಗಳೇ: 1 ಕಿಲೋವ್ಯಾಟ್ ಅಂದರೆ 1.34 ಬಿಎಚ್‌ಪಿ, 1.36 ಪಿಎಸ್. ಹಳೇ ಪುಸ್ತಕದಲ್ಲಿ ಎಸ್‌ಎಇ ಗ್ರಾಸ್ ಅಂತ ಇದ್ದರೆ ಹುಷಾರು. ಏರ್ ಫಿಲ್ಟರ್, ಸೈಲೆನ್ಸರ್‌ನಂಥವನ್ನು ಬಿಚ್ಚಿಟ್ಟು ಬರೀ ಎಂಜಿನ್ ಅಳೆದ ಲೆಕ್ಕ ಅದು. ಅವನ್ನೆಲ್ಲ ಹಾಕಿಯೇ ಅಳೆಯುವ ಡಿಐಎನ್ ಲೆಕ್ಕದ ಪಕ್ಕ ಇಟ್ಟರೆ ಸುಮ್ನೆ ದೊಡ್ಡದಾಗಿ ಕಾಣುತ್ತದೆ.

ಈಗ ತೂಕ. ನನಗೆ ಇಷ್ಟವಾದ ಭಾಗ ಇದೇ. ಪದ್ಮಿನಿ ಸುಮಾರು 40 ಬಿಎಚ್‌ಪಿ, 895 ಕೆಜಿ. 800 ಸುಮಾರು 37 ಬಿಎಚ್‌ಪಿ, 650 ಕೆಜಿ. ಪವರನ್ನು ತೂಕದಿಂದ ಭಾಗಿಸಿ 1000ದಿಂದ ಗುಣಿಸಿದರೆ ಒಂದು ಟನ್ನಿಗೆ ಎಷ್ಟು ಪವರ್ ಅಂತ ಸಿಗುತ್ತದೆ. ಪದ್ಮಿನಿಗೆ 45, 800ಕ್ಕೆ 57. 800 ಗೆದ್ದಿತು ಅಂತ ಎದ್ದು ಹೋಗಬೇಡಿ. ನಾಲ್ಕು ಜನ, ಸ್ವಲ್ಪ ಲಗೇಜು ಅಂತ ಎರಡಕ್ಕೂ 300 ಕೆಜಿ ಸೇರಿಸಿ. ಈಗ ಪದ್ಮಿನಿಗೆ 33, 800ಕ್ಕೆ 39. ಮೊದಲು ನಾಲ್ಕನೇ ಒಂದು ಭಾಗಕ್ಕಿಂತ ಜಾಸ್ತಿ ಇದ್ದ ಮುನ್ನಡೆ ಆರನೇ ಒಂದು ಭಾಗಕ್ಕೆ ಇಳಿಯಿತು. ಹಗುರ ಗಾಡಿಗೆ ಅದೇ ಹೊರೆ ಜಾಸ್ತಿ ತಟ್ಟುತ್ತದೆ. ಹಾಗಾಗಿ ನೀವು ಒಬ್ಬರೇ ಓಡಾಡುತ್ತೀರೋ, ಮನೆಯವರನ್ನೆಲ್ಲ ಕೂರಿಸಿಕೊಂಡು ಹೋಗುತ್ತೀರೋ ಅಂತ ಯೋಚಿಸಿಯೇ ಲೆಕ್ಕ ಹಾಕಿ.

ಟಾರ್ಕ್ (ಎಂಜಿನ್ ತಿರುಗಿಸುವ ಬಲ) ಬರೆದುಕೊಂಡರೆ ಅದು ಎಷ್ಟು ಆರ್‌ಪಿಎಂನಲ್ಲಿ, ಅಂದರೆ ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುವಾಗ, ಸಿಗುತ್ತದೆ ಅಂತಲೂ ಬರೆದುಕೊಳ್ಳಿ. ಚಕ್ರಕ್ಕೆ ತಲುಪುವ ಎಳೆತ ಬೇಕಾದರೆ ಟಾರ್ಕನ್ನು ಗೇರ್ ರೇಶಿಯೋದಿಂದಲೂ ಫೈನಲ್ ಡ್ರೈವ್ (ಗೇರ್‌ಬಾಕ್ಸ್ ಆದಮೇಲೆ ಚಕ್ರಕ್ಕೂ ಮುಂಚೆ ಬರುವ ಕೊನೆಯ ಗೇರ್ ಜೋಡಿ) ರೇಶಿಯೋದಿಂದಲೂ ಗುಣಿಸಿ, ಚಕ್ರದ ಅರ್ಧವ್ಯಾಸದಿಂದ ಭಾಗಿಸಬೇಕು. ಯಾರಾದರೂ ದೊಡ್ಡ ಟೈರ್ ಹಾಕಿಸಿದ್ದರೆ ಎಳೆತ ಕಮ್ಮಿಯಾಗುತ್ತದೆ, ಸ್ಪೀಡೋಮೀಟರ್ ಕೂಡ ನಿಜಕ್ಕಿಂತ ಕಮ್ಮಿ ತೋರಿಸುತ್ತದೆ.

ಇಷ್ಟೆಲ್ಲ ಕಾರು ಹೊಸದಾಗಿದ್ದಾಗಿನ ಮಾತು. ಇವತ್ತಿನ ಸ್ಥಿತಿ ತಿಳಿಯಲು ಎರಡಕ್ಕೂ ಕಂಪ್ರೆಶನ್ ಟೆಸ್ಟ್ (ಒಂದೊಂದು ಸಿಲಿಂಡರಿನ ಒಳಗಿನ ಒತ್ತಡ ಅಳೆಯುವುದು) ಮಾಡಿಸಿ. ಒಂದು ಸಿಲಿಂಡರ್ ಮಾತ್ರ ಬಾಕಿಯವಕ್ಕಿಂತ ತೀರಾ ಕಮ್ಮಿ ತೋರಿಸಿದರೆ ರಿಂಗೋ, ವಾಲ್ವೋ, ಹೆಡ್ ಗ್ಯಾಸ್ಕೆಟ್ಟೋ ಹೋಗಿರುತ್ತದೆ. ಆ ಗಾಡಿಯನ್ನು ಓಡಿಸಿ ಹೋಲಿಸುವುದು ದಂಡ.

ಓಡಿಸಿ ನೋಡುವಾಗ 0ಯಿಂದ 100ರ ಗೋಜಿಗೆ ಹೋಗಬೇಡಿ. ಕ್ಲಚ್ಚೂ ಬಡವಾಗುತ್ತದೆ. ಖಾಲಿ ರಸ್ತೆಯಲ್ಲಿ, ಮೂರನೇ ಗೇರಿನಲ್ಲೇ, 30ರಿಂದ 60ಕ್ಕೆ ಏರಲು ಎಷ್ಟು ಸೆಕೆಂಡ್ ಅಂತ ನೋಡಿ. ವೇಗವನ್ನು ಫೋನಿನ ಜಿಪಿಎಸ್‌ನಲ್ಲಿ ಪಕ್ಕದವರು ನೋಡಲಿ. ಹೋಗುವಾಗ ಒಮ್ಮೆ, ಅದೇ ರಸ್ತೆಯಲ್ಲಿ ಬರುವಾಗ ಒಮ್ಮೆ ಅಳೆದು ಸರಾಸರಿ ತೆಗೆದರೆ ಗಾಳಿ, ಇಳಿಜಾರಿನ ಆಟ ನಡೆಯುವುದಿಲ್ಲ.

ಹೊರಡುವ ಮುಂಚೆ ಬ್ರೇಕ್ ನೋಡಿ. ಪದ್ಮಿನಿಗೆ ನಾಲ್ಕೂ ಕಡೆ ಡ್ರಮ್, 800ಕ್ಕೆ ಮುಂದೆ ಡಿಸ್ಕ್. ಟೈರಿನ ಪಕ್ಕದಲ್ಲಿ ಡಿಒಟಿ (DOT) ಕೋಡಿನ ಕೊನೆಯ ನಾಲ್ಕು ಅಂಕಿ ಓದಿ: 2318 ಅಂದರೆ 2018ರ 23ನೇ ವಾರದ ಟೈರು. ಟೈರಿನ ಮೇಲಿನ ಗ್ರಿಪ್ ಚೆನ್ನಾಗಿದ್ದರೂ ರಬ್ಬರ್ ಬಿರುಕು ಬಿಟ್ಟಿದ್ದರೆ ಟೆಸ್ಟ್ ಬೇಡ, ಮೊದಲು ಟೈರ್ ಬದಲಿಸಿ.